ಅಡಿಕೆ ತಕ್ಕಡಿಯಲ್ಲಿ ಸಗಣಿ ತೂಗಿದೆವು: ಗೋಬರ್ ಗ್ಯಾಸ್ ಕಟ್ಟಿಸಿದ ಅನುಭವ

ನಮ್ಮ ಮನೆಯ ಗೋಬರ್ ಗ್ಯಾಸಿನ ಸಹಾಯಧನ ಕಳೆದ ವಾರ ಅಮ್ಮನ ಖಾತೆಯಲ್ಲಿ ಪತ್ತೆಯಾಯಿತು. ಬಂತು ಎನ್ನದೆ ಪತ್ತೆಯಾಯಿತು ಎಂದು ಬರೆಯುವುದಕ್ಕೆ ಕಾರಣವಿದೆ. ಅದು ಕೊನೆಯಲ್ಲಿ ಬರುತ್ತದೆ. 2024ರ ಡಿಸೆಂಬರಿನಲ್ಲಿ ಶುರುವಾದ ಕೆಲಸ 2025ರ ಸೆಪ್ಟೆಂಬರಿಗೆ ಮುಗಿದಂತಾಯಿತು. ಅಷ್ಟರಲ್ಲಿ ಗಾರೆಯವರು ದುಡಿದದ್ದು ಎಂಟೇ ದಿನ. ಉಳಿದ ಕಾಲವೆಲ್ಲ ಮೇಸ್ತ್ರಿಗಾಗಿ, ನೀರಿಗಾಗಿ, ಸಗಣಿಗಾಗಿ, ಕಾಗದಗಳಿಗಾಗಿ ಕಾಯುವುದರಲ್ಲೇ ಹೋಯಿತು. ನಮ್ಮ ಸಿದ್ದಾಪುರ, ಸಾಗರದ ಕಡೆ ಇದೇ ಯೋಚನೆಯಲ್ಲಿರುವ ಮನೆಗಳು ಸಾಕಷ್ಟಿವೆ. ಅವರಿಗೆ ಅಷ್ಟಿಷ್ಟು ಗೊಂದಲ ತಪ್ಪಲಿ ಎಂದು, ಎಲ್ಲವೂ ಇನ್ನೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮಲ್ಲಿ ಗೋಬರ್ ಗ್ಯಾಸ್ ಹೊಸದೇನೂ ಅಲ್ಲ. ಅಪ್ಪ 1986ರಲ್ಲಿ ಕಟ್ಟಿಸಿದ್ದ ಗುಂಡಿಯೊಂದು ಕೊಟ್ಟಿಗೆಯ ಹಿಂದೆ ಇತ್ತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಬಳಕೆಗೆ ತಂದ, ಬಾವಿಯಂಥ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ಮು ತೇಲುವ ಮಾದರಿ ಅದು. ಗ್ಯಾಸ್ ತುಂಬಿದಾಗ ಡ್ರಮ್ಮು ಮೇಲೇಳುತ್ತಿತ್ತು, ಅಡುಗೆಯಾದಂತೆ ಇಳಿಯುತ್ತಿತ್ತು. ಎಷ್ಟು ಗ್ಯಾಸ್ ಉಳಿದಿದೆ ಎಂದು ಅಂಗಳದಿಂದಲೇ ಕಾಣುತ್ತಿತ್ತು. ಆದರೆ ಅದಕ್ಕೆ ವರ್ಷಕ್ಕೊಮ್ಮೆ ಬಣ್ಣ ಬಳಿಯದಿದ್ದರೆ ತುಕ್ಕು ಹಿಡಿಯುತ್ತದೆ. ಮನೆಗೆ ಸಿಲಿಂಡರ್ ಬಂದ ಮೇಲೆ ಬಣ್ಣ ಬಳಿಯುವವರು ಯಾರೂ ಇರಲಿಲ್ಲ. ಡ್ರಮ್ಮು ತೂತಾಯಿತು, ಗುಂಡಿಯಲ್ಲಿ ಕಳೆ ಬೆಳೆಯಿತು. ಬೆಂಗಳೂರಿನಲ್ಲಿ 14.2 ಕೆ.ಜಿ. ಸಿಲಿಂಡರಿನ ಬೆಲೆ 1,105 ರೂಪಾಯಿ 50 ಪೈಸೆಗೆ ಏರಿದ್ದ 2023ರ ಮಾರ್ಚಿನಲ್ಲೇ ಅಮ್ಮ ಹಳೆಯ ಗುಂಡಿಯ ಮಾತೆತ್ತಿದ್ದರು. ಆಮೇಲೆ ಎರಡು ಸಲ ಬೆಲೆ ಇಳಿದದ್ದರಿಂದ ನಾನು ಸುಮ್ಮನಾದೆ. ಆದರೆ ಹಿಂಡಿ, ಕೂಲಿ, ಸಾಗಣೆ ಯಾವುದೂ ಇಳಿಯಲಿಲ್ಲ. ಆ ಡಿಸೆಂಬರಿನಲ್ಲಿ ಮನೆಯ ಖರ್ಚಿನ ಪಟ್ಟಿ ನೋಡುತ್ತ ಕುಳಿತಾಗ, ನಮ್ಮ ಕೈಯಲ್ಲಿ ಇಳಿಸಬಹುದಾದ ಬಾಬತ್ತು ಇದೊಂದೇ ಎಂದು ತೋರಿತು.

ಮೊದಲು ನಾನು ಎಣಿಸಿದ್ದು ಹಳೆಯ ಗುಂಡಿಯನ್ನು ಸ್ವಚ್ಛ ಮಾಡಿ ಹೊಸ ಡ್ರಮ್ಮು ಕೂರಿಸಿದರಾಯಿತು ಎಂದು. ಇಲ್ಲಿಯೇ ದೊಡ್ಡದೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ನಮ್ಮಲ್ಲಿ ಬಾವಿಗೆ ಇಳಿಯುವ ಮೊದಲು ಲಾಟೀನನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವ ರೂಢಿಯಿದೆ. ಅದೇ ಅಭ್ಯಾಸದಲ್ಲಿ ನಾನು ಲಾಟೀನು ಹುಡುಕುತ್ತಿದ್ದೆ, ದೊಡ್ಡಪ್ಪನ ಮಗ ಏಣಿ ಇಟ್ಟಾಗಿತ್ತು. ಅಷ್ಟರಲ್ಲಿ ಬಂದ ಪಕ್ಕದ ಮನೆಯ ಹಿರಿಯರು ಇಬ್ಬರನ್ನೂ ಗದರಿ ಹಿಂದಕ್ಕೆ ಕರೆದರು. ಗೋಬರ್ ಗುಂಡಿಯಲ್ಲಿ ಉಳಿದಿರಬಹುದಾದ ಮೀಥೇನ್ ಬೆಂಕಿ ತಗುಲಿದರೆ ಸಿಡಿಯುತ್ತದೆ. ತಳದಲ್ಲಿ ನಿಂತಿರುವ ಕಾರ್ಬನ್ ಡೈ ಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಇಳಿದವನನ್ನು ಮತ್ತೆ ಮೇಲೆ ಬರಗೊಡುವುದಿಲ್ಲ. ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ. ಬಾವಿಯ ಲಾಟೀನು ಪರೀಕ್ಷೆಯನ್ನು ಇಲ್ಲಿ ಮಾಡಲೇಬಾರದು. ಇದೊಂದನ್ನು ಓದಿ ಉಳಿದದ್ದನ್ನು ಬಿಟ್ಟರೂ ಅಡ್ಡಿಯಿಲ್ಲ. ಕೊನೆಗೆ ಯಾರೂ ಇಳಿಯದೆ ಮೇಲಿನಿಂದಲೇ ಡ್ರಮ್ಮನ್ನು ಎತ್ತಿ ಗುಜರಿಗೆ ಕೊಟ್ಟೆವು. 90 ಕೆ.ಜಿ.ಗೆ 2,520 ರೂಪಾಯಿ ಬಂತು. ಗುಂಡಿಗೆ ಮಣ್ಣು ತುಂಬಿಸಿದೆವು.

ಹೊಸ ಡ್ರಮ್ಮಿನ ದರ ಕೇಳಿದ ಮೇಲೆ ದೀನಬಂಧು ಮಾದರಿಯೇ ಸರಿ ಎನಿಸಿತು. ಆಫ್‌ಪ್ರೋ ಎಂಬ ಸಂಸ್ಥೆ 1984ರಲ್ಲಿ ರೂಪಿಸಿದ ಈ ಮಾದರಿಯಲ್ಲಿ ಕಬ್ಬಿಣವೇ ಇಲ್ಲ. ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟಿ ಮೇಲೆ ಮಣ್ಣು ಮುಚ್ಚುತ್ತಾರೆ. ಎಷ್ಟು ದೊಡ್ಡದು ಕಟ್ಟಿಸಬೇಕು ಎನ್ನುವುದು ಮುಂದಿನ ಪ್ರಶ್ನೆ. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕೆ.ಜಿ. ಹಸಿ ಸಗಣಿ ಬೇಕು. ರಾಸು ಒಂದಕ್ಕೆ ದಿನಕ್ಕೆ 10 ಕೆ.ಜಿ. ಎಂದು ಎಲ್ಲರೂ ಬಾಯಿಲೆಕ್ಕ ಹೇಳುತ್ತಾರೆ. ಆ ಲೆಕ್ಕದಲ್ಲಿ ನಮ್ಮ ನಾಲ್ಕು ರಾಸುಗಳಿಂದ 40 ಕೆ.ಜಿ. ಸಿಗಬೇಕು. ನನಗೆ ನಂಬಿಕೆ ಬರಲಿಲ್ಲ. ಅಟ್ಟದ ಮೇಲಿದ್ದ, ಅಜ್ಜನ ಕಾಲದ ಅಡಿಕೆ ತೂಗುವ ತಕ್ಕಡಿಯನ್ನು ಇಳಿಸಿ ಕೊಟ್ಟಿಗೆಯ ಜಂತಿಗೆ ನೇತುಹಾಕಿದೆ. ಲಕ್ಷ್ಮಿಯನ್ನು ತೂಗುವ ತಕ್ಕಡಿಯಲ್ಲಿ ಸಗಣಿಯೇ ಎಂದು ಅಮ್ಮ ಅರ್ಧ ದಿನ ಮಾತು ಬಿಟ್ಟರು. ಸಗಣಿಯೂ ಲಕ್ಷ್ಮಿಯೇ ಎಂದು ನಾನು ಅವರ ಮಾತನ್ನೇ ಅವರಿಗೆ ಒಪ್ಪಿಸಿದೆ. ಏಳು ದಿನ ಬೆಳಿಗ್ಗೆ ಸಂಜೆ ತೂಗಿದಾಗ ಬಂದ ಸರಾಸರಿ 34 ಕೆ.ಜಿ. ಕಾರಣ ಸ್ಪಷ್ಟವಿತ್ತು. ಮಲೆನಾಡು ಗಿಡ್ಡ ಹಸುಗಳೆರಡೂ ಗಾತ್ರದಲ್ಲಿ ಚಿಕ್ಕವು, ಹಗಲೆಲ್ಲ ಬೆಟ್ಟದಲ್ಲಿ ಮೇಯುತ್ತವೆ; ಕೊಟ್ಟಿಗೆಗೆ ದಕ್ಕುವುದು ರಾತ್ರಿಯ ಸಗಣಿ ಮಾತ್ರ. ಎಮ್ಮೆ ಮತ್ತು ಮಿಶ್ರತಳಿಯ ಹಸು ಇಲ್ಲದಿದ್ದರೆ ಈ ಯೋಚನೆಯನ್ನೇ ಕೈಬಿಡಬೇಕಿತ್ತು. ಮೂರು, ನಾಲ್ಕು ಘನ ಮೀಟರಿನದು ಕಟ್ಟಿಸಿ ಎಂದವರಿಗೆ ನಾನು ಈ ಏಳು ದಿನಗಳ ಚೀಟಿ ತೋರಿಸಿದೆ. ಕರು ದೊಡ್ಡದಾಗುತ್ತದೆ ಎಂಬ ಲೆಕ್ಕದಲ್ಲಿ, ದಿನಕ್ಕೆ ಎರಡು ಘನ ಮೀಟರ್ ಗ್ಯಾಸ್ ಕೊಡುವ ಅಳತೆಗೆ ನಿಲ್ಲಿಸಿದೆವು. ದೊಡ್ಡ ಗುಂಡಿ ಹೆಚ್ಚು ಗ್ಯಾಸ್ ಕೊಡುವುದಿಲ್ಲ, ಹೆಚ್ಚು ಸಗಣಿ ಕೇಳುತ್ತದೆ ಅಷ್ಟೆ.

ಸಹಾಯಧನದ ಅರ್ಜಿಯನ್ನು ಕೆಲಸ ಶುರುಮಾಡುವ ಮೊದಲೇ ಕೊಡುವುದು ಕ್ಷೇಮ. ಕೇಂದ್ರದ ಜೈವಿಕ ಇಂಧನ ಕಾರ್ಯಕ್ರಮದಲ್ಲಿ ಎರಡರಿಂದ ನಾಲ್ಕು ಘನ ಮೀಟರಿನ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ 14,350 ರೂಪಾಯಿ ಇತ್ತು. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪಾಸ್ ಪುಸ್ತಕ, ಜಾಗದ ದಾಖಲೆ, ರಾಸುಗಳ ಸಂಖ್ಯೆಯ ವಿವರ, ಇಷ್ಟನ್ನು ನಮ್ಮಲ್ಲಿ ಕೇಳಿದರು. ಮೊದಲ ತೊಡಕು ಅಲ್ಲಿಯೇ ಎದುರಾಯಿತು. ಅಪ್ಪ ತೀರಿಕೊಂಡು ಆರು ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇತ್ತು. ನಾವು ಪೌತಿ ಖಾತೆ ಮಾಡಿಸಿಕೊಂಡಿರಲಿಲ್ಲ. ಅದನ್ನು ಆಗ ಶುರುಮಾಡಿದ್ದರೆ ಬೇಸಿಗೆಯೇ ಕಳೆದುಹೋಗುತ್ತಿತ್ತು. ಅದೃಷ್ಟಕ್ಕೆ ಮನೆಯ ಖಾತೆ ಅಮ್ಮನ ಹೆಸರಿನಲ್ಲಿತ್ತು, ಗುಂಡಿ ಬರುವುದೂ ಮನೆಯ ಜಾಗದಲ್ಲೇ ಆದ್ದರಿಂದ ಅರ್ಜಿಯನ್ನು ಅವರ ಹೆಸರಿನಲ್ಲೇ ಬರೆಸಿದೆವು. ಆದರೂ ಮೂರು ಸಲ ಓಡಾಡಬೇಕಾಯಿತು. ಒಂದು ದಿನ ಸಂಬಂಧಪಟ್ಟ ಗುಮಾಸ್ತರು ರಜೆ, ಇನ್ನೊಂದು ದಿನ ಕರೆಂಟಿಲ್ಲ, ಮತ್ತೊಂದು ದಿನ ಅಮ್ಮನ ಹೆಸರು ಆಧಾರಿನಲ್ಲಿ ಒಂದು ರೀತಿ, ಪಾಸ್ ಪುಸ್ತಕದಲ್ಲಿ ಇನ್ನೊಂದು ರೀತಿ. ಅರ್ಜಿ ಕೊಡುವ ಮುನ್ನ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡುವುದು ಒಳ್ಳೆಯದು. ನಮಗೆ ಅದೊಂದಕ್ಕೇ ಹನ್ನೆರಡು ದಿನ ಹೋಯಿತು.

ಜಾಗ ಆರಿಸುವಾಗ ಮೇಸ್ತ್ರಿ ಹೇಳಿದ್ದು ನಾಲ್ಕು ಮಾತು: ಬಿಸಿಲು ಬೀಳಬೇಕು, ಬಾವಿಯಿಂದ ಐವತ್ತು ಅಡಿಯಾದರೂ ದೂರವಿರಬೇಕು, ದೊಡ್ಡ ಮರದ ಬೇರು ಬರಬಾರದು, ಒಲೆಗೆ ಹತ್ತಿರವಿರಬೇಕು. ಅಗೆತ ಜನವರಿಯ ಕೊನೆಗೆ ಶುರುವಾಯಿತು. ಮೂರಡಿಯ ನಂತರ ಜಂಬಿಟ್ಟಿಗೆಯ (ಗಟ್ಟಿ ಕೆಂಪು ಕಲ್ಲಿನ) ಪದರ ಸಿಕ್ಕಿತು. ಹಿಂದಿನ ವರ್ಷವಷ್ಟೇ ಪೇಟೆಯಿಂದ ತಂದಿದ್ದ ಪಿಕಾಸಿಯ ಮೂತಿ ಎರಡನೆಯ ದಿನವೇ ಮಡಚಿಕೊಂಡಿತು. ಗುದ್ದಲಿಯ ಕಾವು ಕಿತ್ತು ಬಂತು. ಕೊನೆಗೆ ಕೆಲಸಕ್ಕೆ ಬಂದದ್ದು ಸೌದೆ ಮನೆಯ ಮೂಲೆಯಲ್ಲಿ ಒರಗಿಸಿದ್ದ ಅಜ್ಜನ ಹಾರೆ. ಕಮ್ಮಾರ ಬಡಿದು ಮಾಡಿದ, ಹಿಡಿಯುವ ಜಾಗ ಸವೆದು ಹೊಳೆಯುವ ಆ ಹಾರೆಯನ್ನು ಇಬ್ಬರು ಸೇರಿ ಎತ್ತಿ ಹಾಕಬೇಕು. ಅದರ ಮೂತಿಯನ್ನು ಹದ ಮಾಡಿಸಲು ಊರಿನಲ್ಲಿ ಕುಲುಮೆಯೇ ಉಳಿದಿಲ್ಲ. ಹದಿನಾಲ್ಕು ಕಿಲೋಮೀಟರ್ ಆಚೆಯ ಕಮ್ಮಾರರು ವಾರಕ್ಕೆರಡು ದಿನ ಮಾತ್ರ ಕುಲುಮೆ ಹಚ್ಚುತ್ತಾರೆ. ಇದ್ದಿಲಿಗೇ ದುಡ್ಡು ಸಾಲುವುದಿಲ್ಲ ಎಂದು ಅವರ ಗೋಳು. ಒಂದು ಮೂತಿಗೆ 150 ರೂಪಾಯಿ ತೆಗೆದುಕೊಂಡರು, ಹೋಗಿಬರುವ ಪೆಟ್ರೋಲು ಬೇರೆ. ಆದರೆ ಹದವಾಗಿ ಬಂದ ಹಾರೆ ಜಂಬಿಟ್ಟಿಗೆಯನ್ನು ಬೆಲ್ಲದಂತೆ ಒಡೆಯಿತು.

ಗುಂಡಿ ಸಿದ್ಧವಾಯಿತು, ಮೇಸ್ತ್ರಿ ಸಿದ್ಧರಿರಲಿಲ್ಲ. ದೀನಬಂಧು ಕಟ್ಟಲು ತಿಳಿದ ಮೇಸ್ತ್ರಿಗಳು ನಮ್ಮ ಸುತ್ತಿನಲ್ಲಿ ಇಬ್ಬರೇ. ಇಬ್ಬರೂ ಅರವತ್ತು ದಾಟಿದವರು. ಮನೆ ಕಟ್ಟುವ ಎಲ್ಲ ಗಾರೆಯವರಿಗೂ ಇದು ಬರುವುದಿಲ್ಲ. ಶಿವರಾತ್ರಿ ಕಳೆಯಲಿ ಎಂದು ಹೇಳಿದವರು ಮಾರ್ಚ್ 10ಕ್ಕೆ ಬಂದರು. ಐದು ವಾರ ತೆರೆದುಕೊಂಡಿದ್ದ ಗುಂಡಿಗೆ ನಾಯಿಮರಿಯೊಂದು ಬಿದ್ದು ಇಡೀ ರಾತ್ರಿ ಕೂಗಿದ್ದೂ ಆಯಿತು. ಮೇಸ್ತ್ರಿಯ ದಿನ ಗೊತ್ತಾದ ಮೇಲಷ್ಟೇ ಅಗೆಯಿರಿ.

ಕಟ್ಟುವ ಕೆಲಸ ನೋಡುವುದೇ ಒಂದು ಸಂತೋಷ. ಗುಮ್ಮಟಕ್ಕೆ ಸೆಂಟ್ರಿಂಗ್ ಇಲ್ಲ. ನಡುವೆ ಗೂಟ ಹೊಡೆದು, ಅದಕ್ಕೆ ಕಟ್ಟಿದ ದಾರದ ಅಳತೆಯಲ್ಲಿಯೇ ಪ್ರತಿ ಇಟ್ಟಿಗೆಯನ್ನೂ ಕೂರಿಸುತ್ತಾರೆ. ಸುತ್ತು ಮೇಲೇರಿದಂತೆ ಇಟ್ಟಿಗೆ ಒಳಕ್ಕೆ ಜಾರತೊಡಗುತ್ತದೆ. ಆಗ ಕಬ್ಬಿಣದ ಕೊಕ್ಕೆಯೊಂದನ್ನು ಇಟ್ಟಿಗೆಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಗೆ ಭಾರ ತೂಗುಬಿಟ್ಟು ಗಾರೆ ಹಿಡಿಯುವವರೆಗೆ ನಿಲ್ಲಿಸುತ್ತಾರೆ. ಮೇಸ್ತ್ರಿಯ ಕೊಕ್ಕೆಗಳು ಅವರು ಕೆಲಸ ಕಲಿತ ಕಾಲದವು. ಒಂದು ಸುತ್ತು ಪೂರ್ತಿಯಾದರೆ ಆ ಸುತ್ತು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. "ಅವಸರ ಮಾಡಬೇಡಿ ತಮ್ಮಾ, ಗೋಡೆ ಬಿರುಕು ಬಿಟ್ಟರೆ ಮಳೆ ಬಂದಾಗ ಗೊತ್ತಾಗ್ತದೆ, ಇದು ಬಿರುಕು ಬಿಟ್ಟರೆ ಗೊತ್ತೇ ಆಗೋದಿಲ್ಲ" ಎಂದರು. ಒಳಗಿನ ಗಿಲಾವನ್ನು ಮೂರು ಸಲ ಹಚ್ಚಿ, ಕೊನೆಗೆ ಗ್ಯಾಸ್ ನಿಲ್ಲುವ ಭಾಗಕ್ಕೆ ಬಣ್ಣವನ್ನೂ ಬಳಿದರು. ಹದಿನೈದು ದಿನ ನೀರುಣಿಸಿದೆವು. ಆಮೇಲೆ ಹೊರಗಿನಿಂದ ಮಣ್ಣು ಮುಚ್ಚಿ ದಮ್ಮಸು ಮಾಡಿದೆವು; ಒಳಗಿನ ಒತ್ತಡವನ್ನು ತಡೆಯುವುದು ಆ ಮಣ್ಣಿನ ಭಾರವೇ. ಈ ಮಧ್ಯೆ ಏಪ್ರಿಲ್ 8ರಂದು ಸಿಲಿಂಡರಿಗೆ ಮತ್ತೆ 50 ರೂಪಾಯಿ ಏರಿತು. ಅಂದು ಅಮ್ಮ ಯಾರೂ ಹೇಳದೆಯೇ ಎರಡು ಕೊಡ ನೀರು ಹೆಚ್ಚು ಹಾಕಿದರು.

ಮಣ್ಣು ಮುಚ್ಚಿದ ಮರುದಿನವೇ ಸಹಾಯಧನದ ಅರ್ಜಿ ಕೊಟ್ಟ ಕಚೇರಿಯಿಂದ ಫೋನು. ಮುಚ್ಚುವ ಮೊದಲಿನ ಗುಮ್ಮಟದ ಪಕ್ಕದಲ್ಲಿ ಫಲಾನುಭವಿ ನಿಂತ ಫೋಟೋ ಬೇಕಂತೆ. ಇದನ್ನು ನಮಗೆ ಮೊದಲು ಯಾರೂ ಹೇಳಿರಲಿಲ್ಲ. ಮಣ್ಣು ತೆಗೆಯುವ ಮಾತಿಗೆ ಮೇಸ್ತ್ರಿ ಒಪ್ಪಲೇ ಇಲ್ಲ. ಅವರ ಮೊಬೈಲಿನಲ್ಲೇ, ಗುಮ್ಮಟದ ಪಕ್ಕ ಚಹಾದ ತಟ್ಟೆ ಹಿಡಿದು ನಿಂತ ಅಮ್ಮನ ಚಿತ್ರವೊಂದು ಸಿಕ್ಕಿ ಕೆಲಸ ನಡೆಯಿತು. ಅಗೆತ, ತಳ, ಗುಮ್ಮಟ, ಪೈಪು, ಹೀಗೆ ಪ್ರತಿ ಹಂತದಲ್ಲೂ ಅರ್ಜಿದಾರರನ್ನೇ ನಿಲ್ಲಿಸಿ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮೊದಲ ಸಲ ತುಂಬಿಸುವುದಕ್ಕೆ ಎಷ್ಟು ಬೇಕು ಎನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಎರಡು ಘನ ಮೀಟರಿನ ಗುಂಡಿಗೆ ಸುಮಾರು ಎರಡು ಟನ್ ಸಗಣಿ, ಅಷ್ಟೇ ನೀರು ಬೇಕು. ನಮ್ಮ ದಿನದ 34 ಕೆ.ಜಿ.ಯನ್ನು ಕೂಡಿಡುತ್ತ ಹೋದರೆ ಎರಡು ತಿಂಗಳು, ಅಷ್ಟರಲ್ಲಿ ಮೊದಲಿನದು ಒಣಗಿ ಪ್ರಯೋಜನಕ್ಕೆ ಬಾರದು. ಅಪ್ಪನ ಕಾಲದಲ್ಲಿ ಕೇಳಿದರೆ ನಾಲ್ಕು ಮನೆಯವರು ಸುಮ್ಮನೆ ಕೊಡುತ್ತಿದ್ದರು. ಈಗ ನಾಲ್ಕು ಮನೆಗಳಲ್ಲಿ ಮೂರರ ಕೊಟ್ಟಿಗೆ ಖಾಲಿ, ಬೈಕು ನಿಲ್ಲಿಸುತ್ತಾರೆ. ಹಾಲಿನ ವ್ಯವಹಾರ ಮಾಡುವವರೊಬ್ಬರಿಂದ ಟ್ರ್ಯಾಕ್ಟರಿನಲ್ಲಿ ತರಿಸಿದೆವು. ಬಾಡಿಗೆ ಸೇರಿ 2,500 ರೂಪಾಯಿ. ಏಪ್ರಿಲ್ ತಿಂಗಳ ಬಾವಿಯಿಂದ ಎರಡು ಸಾವಿರ ಲೀಟರ್ ನೀರೆತ್ತುವುದು ಅದಕ್ಕಿಂತ ಕಷ್ಟವಾಯಿತು. ದಿನಕ್ಕೆ ಇಷ್ಟೆಂದು ಹಂಚಿಕೊಂಡು ತುಂಬಿಸಲು ಹನ್ನೆರಡು ದಿನ ಹಿಡಿಯಿತು. ನಡೆಯುತ್ತಿರುವ ಗೋಬರ್ ಗ್ಯಾಸ್ ಇರುವ ಮನೆಯಿಂದ ಹತ್ತು ಕೊಡ ಬಗ್ಗಡ (ಗುಂಡಿಯಿಂದ ಹೊರಬರುವ ಸಗಣಿ ನೀರು) ತಂದು ಹೆಪ್ಪು ಹಾಕಿದ ಹಾಗೆ ಬೆರೆಸಿದೆವು. ಇದರಿಂದ ಗ್ಯಾಸ್ ಬೇಗ ಹುಟ್ಟುತ್ತದೆ.

ಅಷ್ಟರಲ್ಲಿ ಮನೆಯೊಳಗೆ ಬೇರೊಂದು ತಕರಾರು ಎದ್ದಿತ್ತು. ನಮ್ಮಲ್ಲಿ ಕೊಟ್ಟಿಗೆಗೆ ಬೆಟ್ಟದ ಸೊಪ್ಪು ಹಾಸುತ್ತಾರೆ. ಸೊಪ್ಪು, ಸಗಣಿ, ಗಂಜಲ ಎಲ್ಲ ತುಳಿದು ಬೆರೆತು ತೋಟಕ್ಕೆ ಗೊಬ್ಬರವಾಗುತ್ತದೆ. ಆದರೆ ಸೊಪ್ಪು ಬೆರೆತ ಸಗಣಿಯನ್ನು ಗುಂಡಿಗೆ ಹಾಕಿದರೆ ಕಸ ಮೇಲೆ ತೇಲಿ ಕೆನೆಗಟ್ಟಿ, ಗ್ಯಾಸ್ ಮೇಲೇಳದಂತೆ ತಡೆಯುತ್ತದೆ. ಹಾಗಾಗಿ ಸೊಪ್ಪು ಹಾಸುವಂತಿಲ್ಲ. "ಸಗಣಿಯನ್ನೆಲ್ಲ ಒಲೆಗೆ ಉರಿಸಿದರೆ ಅಡಿಕೆ ಮರದ ಬುಡಕ್ಕೆ ಏನು ಹಾಕ್ತೀಯೋ?" ಎಂದು ಅಮ್ಮ ಕೇಳಿದ ಪ್ರಶ್ನೆ ಅರ್ಥವಿಲ್ಲದ್ದಲ್ಲ. ಉರಿಯುವುದು ಮೀಥೇನ್ ಮಾತ್ರ, ಸಗಣಿಯ ಸಾರಜನಕ ಬಗ್ಗಡದಲ್ಲೇ ಉಳಿದು ಹೊರಬರುತ್ತದೆ ಎಂದು ವಿವರಿಸಿದೆ. ಸಾರ ಉಳಿಯುತ್ತದೆ ಸರಿ, ಆದರೆ ಗೊಬ್ಬರದ ಹೆಡಿಗೆಯಲ್ಲಿ ಬಗ್ಗಡವನ್ನು ಹೊರಲಾಗುವುದಿಲ್ಲ. ಕೊನೆಗೆ ಕೊಟ್ಟಿಗೆಯ ಅರ್ಧಕ್ಕೆ ಹಿತ್ತಿಲಲ್ಲಿ ಬಿದ್ದಿದ್ದ ಹಾಸುಗಲ್ಲುಗಳನ್ನು ನಾವೇ ಹಾಸಿ, ಎಮ್ಮೆ ಮತ್ತು ದೊಡ್ಡ ಹಸುವನ್ನು ಅಲ್ಲಿ ಕಟ್ಟಿದೆವು. ರಾತ್ರಿ ಗಿಡ್ಡಗಳ ಸಗಣಿಯನ್ನು ಸೊಪ್ಪಿನ ಮೇಲಿನಿಂದ ಆದಷ್ಟು ಎತ್ತಿಕೊಳ್ಳುತ್ತೇವೆ. ಹೊರಬರುವ ಬಗ್ಗಡಕ್ಕೆ ಎರಡು ಹೊಂಡ ಮಾಡಿ ದರಗು (ಒಣಗಿದ ಎಲೆ) ತುಂಬಿಸಿದ್ದೇವೆ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುತ್ತೇವೆ. ದರಗು ಬಗ್ಗಡವನ್ನು ಹೀರಿಕೊಂಡು ಹೆಡಿಗೆಯಲ್ಲಿ ಹೊರುವ ಹದಕ್ಕೆ ಬರುತ್ತದೆ. ಕಟ್ಟುವ ಕೆಲಸಕ್ಕಿಂತ ಈ ಹೊಂದಾಣಿಕೆಗೇ ನಮ್ಮ ತಲೆ ಹೆಚ್ಚು ಖರ್ಚಾಯಿತು.

ತುಂಬಿಸಿ ಒಂಬತ್ತನೆಯ ದಿನ ಪೈಪಿನಲ್ಲಿ ಗ್ಯಾಸ್ ಬಂತು. ಎಲ್ಲರೂ ಒಲೆಯ ಮುಂದೆ ನೆರೆದೆವು, ಕಡ್ಡಿ ಗೀರಿದರೆ ಕಡ್ಡಿಯೇ ಆರಿತು. ನನಗೆ ಕಾಲಡಿಯ ನೆಲ ಕುಸಿದಂತಾಯಿತು. ಮೇಸ್ತ್ರಿ ಫೋನಿನಲ್ಲಿ ನಕ್ಕರು. ಮೊದಲು ಹುಟ್ಟುವ ಗ್ಯಾಸಿನಲ್ಲಿ ಕಾರ್ಬನ್ ಡೈ ಆಕ್ಸೈಡೇ ಹೆಚ್ಚು, ಅದನ್ನು ಹೊರಗೆ ಬಿಟ್ಟುಬಿಡಬೇಕು. ಬಿಡುವಾಗ ಹತ್ತಿರ ಬೆಂಕಿ ಇರಬಾರದು, ಗುಂಡಿಯ ಬಾಯಲ್ಲಿ ಕಡ್ಡಿ ಗೀರಿ ಪರೀಕ್ಷಿಸಲೂಬಾರದು. ಎರಡು ಸಲ ಹೀಗೆ ಬಿಟ್ಟ ಮೇಲೆ ಮೇ 12ರ ಸಂಜೆ ನೀಲಿ ಉರಿ ಹತ್ತಿತು. ಅಮ್ಮ ಮೊದಲು ಹಾಲು ಉಕ್ಕಿಸಿದರು. ಒಲೆ ಗೋಬರ್ ಗ್ಯಾಸಿಗೆಂದೇ ಮಾಡಿದ್ದಾಗಿರಬೇಕು. ಸಿಲಿಂಡರಿನ ಒಲೆಯ ರಂಧ್ರ ಇದಕ್ಕೆ ಬಹಳ ಕಿರಿದು.

2025ರ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ನಮ್ಮಲ್ಲಿಗೂ ಹಿಂದೆಯೇ ಬಂತು. ನಾವು ಎಣಿಸಿದ್ದು ಜೂನಿನ ಎರಡನೆಯ ವಾರ. ಕೊಟ್ಟಿಗೆಯ ಸೂರಿನ ನೀರು ನೇರ ಸಗಣಿ ಕಲಸುವ ತೊಟ್ಟಿಗೆ ಬಿದ್ದು, ಬಗ್ಗಡ ತೆಳುವಾಗಿ ಒಂದು ವಾರ ಗ್ಯಾಸ್ ಅರ್ಧಕ್ಕಿಳಿಯಿತು. ಅಡಿಕೆ ದಬ್ಬೆಯ ಹರಣಿ (ಸೂರಿನ ನೀರು ಹಿಡಿಯುವ ದೋಣಿ) ಕಟ್ಟಿ ನೀರನ್ನು ಆಚೆ ತಿರುಗಿಸಿದೆವು. ಜೂನಿನಲ್ಲಿ ಉರಿ ಕುಣಿಯತೊಡಗಿದಾಗ ಪೈಪಿನ ತಗ್ಗಿನಲ್ಲಿ ನೀರು ನಿಂತದ್ದು ಗೊತ್ತಾಯಿತು. ಪೈಪು ಉದ್ದಕ್ಕೂ ಒಂದೇ ಇಳಿಜಾರಿನಲ್ಲಿದ್ದು, ತೀರ ತಗ್ಗಿನಲ್ಲಿ ನೀರು ತೆಗೆಯುವ ನಲ್ಲಿ ಇರಬೇಕು.

ಈಗ ಖರ್ಚಿನ ವಿಷಯ. ಇಟ್ಟಿಗೆ 1,100ಕ್ಕೆ ಸಾಗಣೆ ಸೇರಿ 12,100, ಸಿಮೆಂಟು 16 ಚೀಲಕ್ಕೆ 6,400, ಮರಳು ಮತ್ತು ಜಲ್ಲಿಗೆ 9,000. ಮೇಸ್ತ್ರಿಗೆ ದಿನಕ್ಕೆ 1,100ರಂತೆ ಎಂಟು ದಿನಕ್ಕೆ 8,800, ಇಬ್ಬರು ಕೈಯಾಳುಗಳಿಗೆ 11,200, ಅಗೆತಕ್ಕೆ 4,200. ಪೈಪು, ವಾಲ್ವು, ಒಲೆಗೆ 7,800, ಬಣ್ಣಕ್ಕೆ 1,200, ಸಗಣಿಗೆ 2,500. ಒಟ್ಟು 63,200 ರೂಪಾಯಿ. ಸಹಾಯಧನ ಮತ್ತು ಗುಜರಿಯ ದುಡ್ಡು ಕಳೆದರೆ ನಮ್ಮ ಕೈಯಿಂದ ಹೋದದ್ದು 46,330. ಸಾಮಗ್ರಿಗೆ ಹೋದದ್ದೇ ಹೆಚ್ಚು, ಕೂಲಿಗೆ ಹೋದದ್ದು 24,200; ಅಗೆತಕ್ಕೆ ನಾವೂ ಕೈಹಾಕದಿದ್ದರೆ ಕೂಲಿ ಇನ್ನಷ್ಟು ಏರುತ್ತಿತ್ತು. ದಿನಕ್ಕೆ ಮೂರು ಗಂಟೆ ಒಂದು ಒಲೆ ಉರಿಯುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೊಂದು ಬೇಕಾಗುತ್ತಿದ್ದ ಸಿಲಿಂಡರ್ ಈಗ ಮೂರು ತಿಂಗಳು ಬರುತ್ತಿದೆ. ಅಂದರೆ ವರ್ಷಕ್ಕೆ ಎಂಟು ಸಿಲಿಂಡರ್ ಉಳಿದರೂ ಹಾಕಿದ ದುಡ್ಡು ಹುಟ್ಟಲು ಆರು ವರ್ಷಕ್ಕಿಂತ ಹೆಚ್ಚು ಬೇಕು. ಒಂದೇ ವರ್ಷದಲ್ಲಿ ದುಡ್ಡು ವಾಪಸು ಎಂದು ಹೇಳುವವರನ್ನು ನಂಬಬೇಡಿ. ಬಚ್ಚಲ ಹಂಡೆಗೆ ಸೌದೆಯೇ ಬೇಕು. ಗಣೇಶ ಚೌತಿಗೆ ಹದಿನಾಲ್ಕು ಜನ ನೆಂಟರು ಬಂದಾಗ ಹೂರಣ ಬೇಯುವ ಹೊತ್ತಿಗೆ ಗ್ಯಾಸ್ ಮುಗಿದು ಸಿಲಿಂಡರಿಗೇ ಮರಳಿದೆವು. ರಾಸು ಎರಡಕ್ಕಿಂತ ಕಡಿಮೆ ಇರುವವರು ಕಟ್ಟಿಸಬಾರದು ಎನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಸಹಾಯಧನ. ಜುಲೈಯಲ್ಲಿ ಪರಿಶೀಲನೆ ಆಯಿತು. ಆಗಸ್ಟಿನಲ್ಲಿ ಹಣ ಜಮಾ ಆಗಿದೆ ಎಂದರು. ಅರ್ಜಿಗೆ ಲಗತ್ತಿಸಿದ ಪಾಸ್ ಪುಸ್ತಕದಲ್ಲಿ ಮಾತ್ರ ಏನೂ ಇಲ್ಲ. ಮೂರು ವಾರ ಕಚೇರಿಯವರು ಬ್ಯಾಂಕಿನ ಕಡೆಗೆ, ಬ್ಯಾಂಕಿನವರು ಕಚೇರಿಯ ಕಡೆಗೆ ಕೈತೋರಿಸಿದರು. ಆಮೇಲೆ ಒಬ್ಬ ತರುಣ ಸಿಬ್ಬಂದಿ ಆಧಾರ್ ಸಂಖ್ಯೆಯ ಮೂಲಕವೇ ಹುಡುಕಿ, ಅದು ಜೋಡಣೆಯಾಗಿರುವುದು ಬೇರೆ ಬ್ಯಾಂಕಿನ ಖಾತೆಗೆ ಎಂದು ಹೇಳಿದರು. ಆಧಾರ್ ಮೂಲಕ ಬರುವ ನೇರ ವರ್ಗಾವಣೆಯ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಅಮ್ಮ ಎಂದೋ ತೆರೆದು ಮರೆತಿದ್ದ ಖಾತೆಯ ಪಾಸ್ ಪುಸ್ತಕ ದೇವರ ಕೋಣೆಯ ಪೆಟ್ಟಿಗೆಯಲ್ಲಿ, ಹಳೆಯ ಪಂಚಾಂಗಗಳ ಕೆಳಗೆ ಸಿಕ್ಕಿತು. ಅದರಲ್ಲಿ 14,350 ರೂಪಾಯಿ ಬಂದು ಕುಳಿತಿತ್ತು. ಅಮ್ಮ ತಕ್ಕಡಿಯನ್ನು ಮೂರು ಸಲ ತೊಳೆಸಿ ಅಟ್ಟಕ್ಕೆ ಏರಿಸಿದ್ದಾರೆ. ಪೌತಿ ಖಾತೆಯ ಅರ್ಜಿಯನ್ನು ಈ ಸೋಮವಾರ ಕೊಡುತ್ತಿದ್ದೇನೆ.